ಪೋಲೆಂಡಿನ ಪಾಠ, ನಮ್ಮ ವೀಳ್ಯದ ತಟ್ಟೆ

ಹೊಸದಾಗಿ ಚರಿತ್ರೆ ಪಾಠ ಹೇಳಲು ಸೇರಿರುವ ಹುಡುಗ ಹುಡುಗಿಯರು ಆಗಾಗ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಬಂದವರೆಲ್ಲರದೂ ಒಂದೇ ದೂರು. ಮಕ್ಕಳು ಕೇಳುವುದಿಲ್ಲ, ತೂಕಡಿಸುತ್ತಾರೆ, ಕಿಟಕಿಯಾಚೆ ನೋಡುತ್ತಾರೆ. ನಾನು ಅವರಿಗೆ ಕಾಫಿ ಕೊಟ್ಟು, ತೂಕಡಿಸುವ ಮಕ್ಕಳಿಂದ ನಿಮಗೆ ಯಾವ ಅಪಾಯವೂ ಇಲ್ಲ, ಚೆನ್ನಾಗಿ ಕೇಳಿಸಿಕೊಂಡು ಮನೆಗೆ ಹೋಗಿ ಹೇಳುವವರಿದ್ದಾರಲ್ಲ, ಅವರ ವಿಷಯದಲ್ಲಿ ಹುಷಾರಾಗಿರಿ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಪೋಲೆಂಡ್ ಎಂಬ ದೇಶ ಹೇಗೆ ಹಾಳಾಯಿತು ಎಂದು ಒಂದು ವಾರ ಪಾಠ ಮಾಡಿ, ಆ ಪಾಠ ನಮ್ಮ ಕಾಲೇಜಿನ ಬುಡಕ್ಕೇ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಅವು ಕೆಲಸ ಮಾಡಿದವರಿಗೂ ಸಿಗುತ್ತವೆ, ಮಾಡದವರಿಗೂ ಸಿಗುತ್ತವೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕಿ. ಅಲ್ಲಿನ ವಿಭಾಗದ ಮುಖ್ಯಸ್ಥರು ಸಾಧು ಮನುಷ್ಯ. ಆದರೆ ಅವರ ಪ್ರಕಾರ ಪ್ರಪಂಚದ ಯಾವ ಸಾಮ್ರಾಜ್ಯ ಬಿದ್ದರೂ ಅದಕ್ಕೆ ಆರೇ ಕಾರಣ: ಕೈಲಾಗದ ಉತ್ತರಾಧಿಕಾರಿಗಳು, ಭೋಗಜೀವನ, ಬರಿದಾದ ಬೊಕ್ಕಸ, ಒಳಜಗಳ, ಧರ್ಮದ ವಿಷಯದಲ್ಲಿ ಹಟ, ಹೊರಗಿನವರ ದಾಳಿ. ಮೊಘಲರಿಗೂ ಅದೇ ಆರು, ವಿಜಯನಗರಕ್ಕೂ ಅದೇ ಆರು, ಸ್ಪೇನಿಗೂ ಅದೇ ಆರು. ಹೆಸರು ಬದಲಾಯಿಸಿ ನೋಟ್ಸ್ ಬರೆಸುತ್ತಿದ್ದರು.

“ಆರು ಪಾಯಿಂಟ್ ಬರೆದ್ರೆ ಪಾಸು ಕಣಮ್ಮ. ಏಳನೇದು ನೀನು ಹೇಳ್ಕೊಟ್ರೆ ಮಕ್ಳು ಗಾಬರಿ ಆಗ್ತಾರೆ,” ಎಂದು ನನಗೂ ಬುದ್ಧಿ ಹೇಳಿದರು.

ಆ ಬೇಸಿಗೆಯಲ್ಲಿ ಪರೀಕ್ಷೆಯ ಪೇಪರ್ ತಿದ್ದಲು ಕೂತೆ. ಸ್ಪೇನಿನ ಅವನತಿಗೆ ಕಾರಣಗಳೇನು ಎಂಬ ಪ್ರಶ್ನೆಗೆ ಒಬ್ಬ ಮಹಾನುಭಾವ, ಐದನೆಯ ಕಾರಣ ಔರಂಗಜೇಬನ ಧಾರ್ಮಿಕ ನೀತಿ ಎಂದು ಬರೆದು ಅಡಿಗೆರೆ ಹಾಕಿದ್ದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದೆ. ಹುಡುಗನ ತಲೆ ಕೆಟ್ಟಿರಬೇಕು ಎಂದು ಮುಂದಿನ ಪೇಪರ್ ತೆಗೆದರೆ ಅಲ್ಲೂ ಔರಂಗಜೇಬ. ಅದರ ಮುಂದಿನದರಲ್ಲೂ ಅವನೇ. ಒಂದು ಊರಿಗೆ ಊರೇ ಔರಂಗಜೇಬನನ್ನು ಹಡಗು ಹತ್ತಿಸಿ ಸ್ಪೇನಿಗೆ ಕಳಿಸಿಬಿಟ್ಟಿತ್ತು. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಮುಂದಕ್ಕೆ ಹೋಗಲಿಲ್ಲ. ಮೇಲ್ವಿಚಾರಕರ ಹತ್ತಿರ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಓದಿ, “ಪಾಯಿಂಟ್ ಸರಿಯಾಗೇ ಇದೆಯಲ್ಲಮ್ಮ, ರಾಜ ಮಾತ್ರ ಬೇರೆ. ಅರ್ಧ ಮಾರ್ಕ್ಸ್ ಕಟ್ ಮಾಡಿ ಮುಂದಕ್ಕೆ ಹೋಗಿ,” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ತರಗತಿಯಲ್ಲಿ ಇನ್ನು ಮುಂದೆ ಒಂದೊಂದು ರಾಜ್ಯಕ್ಕೂ ಅದರದೇ ಸಾವು, ಅದರದೇ ಕಥೆ, ಎಂದು ಅಲ್ಲೇ ನಿಶ್ಚಯಿಸಿದೆ. ನೋಟ್ಸ್ ಬರೆಸುವುದನ್ನು ಬಿಟ್ಟು ಕಥೆ ಹೇಳತೊಡಗಿದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಫಲಿತಾಂಶ ಮಾತ್ರ ಮೊದಲ ವರ್ಷ ನೆಲಕಚ್ಚಿತು.

ಕಾಯಂ ಕೆಲಸ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ಕಾಲೇಜಿನಲ್ಲಿ. ಸುತ್ತಲಿನ ಊರುಗಳ ಹನ್ನೊಂದು ಮನೆಯವರು ಸೇರಿ ಟ್ರಸ್ಟ್ ಮಾಡಿಕೊಂಡು ಕಟ್ಟಿದ ಕಾಲೇಜು ಅದು. ಕೆಲವರು ತೆಂಗಿನ ತೋಟದವರು, ಕೆಲವರಿಗೆ ಒಂದು ತುಂಡು ರಾಗಿ ಹೊಲ ಬಿಟ್ಟರೆ ಬೇರೇನಿಲ್ಲ. ಹಳೆಯ ಕೊಬ್ಬರಿ ಗೋದಾಮಿನೊಳಗೆ ಅಡ್ಡಗೋಡೆ ಎಬ್ಬಿಸಿ ತರಗತಿ ಮಾಡಿದ್ದರು. ಮಳೆ ಬಂತೆಂದರೆ ಫ್ರೆಂಚ್ ಕ್ರಾಂತಿಗೂ ಕೊಬ್ಬರಿ ವಾಸನೆ ಹೊಡೆಯುತ್ತಿತ್ತು. ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಬಸ್ಸಿನಲ್ಲಿ ತುಮಕೂರಿಗೆ ಕಳಿಸಲು ಸುತರಾಂ ಒಪ್ಪದ ಮನೆಯವರು, ನಡೆದು ಹೋಗಿ ನಡೆದು ಬರಬಹುದಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಓದಲು ಬಿಟ್ಟಿದ್ದರು. ಆ ಕಾಲೇಜು ಮುಚ್ಚಿದರೆ ಅವರ ಓದೂ ಮುಚ್ಚಿದಂತೆಯೇ. ಇದು ನನಗೆ ಮೊದಲ ದಿನವೇ ಅರ್ಥವಾಯಿತು.

ಟ್ರಸ್ಟಿನ ಅಧ್ಯಕ್ಷರು ರಂಗೇಗೌಡರು. ಬಿಳಿ ಪಂಚೆ, ತೋಳಿನ ಬನಿಯನ್ನು, ಹೆಗಲ ಮೇಲೆ ಟವಲ್ಲು, ಗಟ್ಟಿ ದನಿ. ಕಾಲೇಜಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಇದೇನು ದೇವಸ್ಥಾನವೇ ಎಂದು ನಾನು ಒಮ್ಮೆ ನಗಾಡಿದ್ದಕ್ಕೆ, “ನಾನು ಓದಿರೋದು ನಾಕ್ನೇ ಕ್ಲಾಸು ಮೇಡಂ. ನಂಗೆ ಇದು ದೇವಸ್ಥಾನನೇ,” ಎಂದರು. ಅಂಥವರ ಕೈಕೆಳಗೆ ಕೆಲಸ ಮಾಡುವುದು ಪುಣ್ಯ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ, ಮುಂದೆ ನಡೆದದ್ದೆಲ್ಲ ನಡೆದ ಮೇಲೂ.

ಅಧ್ಯಾಪಕರ ಪ್ರತಿನಿಧಿಯಾಗಿ ಟ್ರಸ್ಟಿನ ಸಭೆಗೆ ನನ್ನನ್ನು ಕೂರಿಸಿದರು. ಮೊದಲ ಸಭೆಯಲ್ಲೇ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕೇ ಬೇಕು ಎಂದು ವಾದಿಸಿದೆ. ಎಲ್ಲರೂ ತಲೆಯಾಡಿಸಿದರು. ಶೌಚಾಲಯಕ್ಕೆ ಒಪ್ಪಿಗೆ ಆಯಿತು, ಬೀರು ತುಂಬ ಪುಸ್ತಕಕ್ಕೂ ಆಯಿತು, ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರಿಗೂ ಆಯಿತು. ನನಗೆ ಹಿಗ್ಗೋ ಹಿಗ್ಗು. ಕೊನೆಯಲ್ಲಿ ಎಲೆ ಅಡಿಕೆಯ ತಟ್ಟೆ ಬಂತು. ಒಬ್ಬೊಬ್ಬರೂ ಒಂದೊಂದು ಎಲೆ ಎತ್ತಿಕೊಂಡು ಪಕ್ಕದವರಿಗೆ ಸರಿಸಿದರು. ಒಬ್ಬ ಟ್ರಸ್ಟಿ ಮಾತ್ರ ಎಲೆ ಮುಟ್ಟದೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರು ಕೆಳಗೆ ಬಂದಿದೆ ಎಂದು ಅವರಿಗೆ ಸಿಟ್ಟಿತ್ತಂತೆ. ಎಲ್ಲರೂ ಎದ್ದು ಟವಲ್ಲು ಕೊಡವಿಕೊಂಡರು.

“ಮುಂದಿನ ಸಭೇಲಿ ನೋಡನ ಬುಡಿ,” ಎಂದರು ರಂಗೇಗೌಡರು.

“ಏನು ನೋಡೋದು? ಶೌಚಾಲಯ ಆಯ್ತಲ್ಲ?” ಎಂದೆ.

“ಎಲ್ಲಿ ಆಯ್ತು ಮೇಡಂ? ಒಬ್ರು ಎಲೆ ಮುಟ್ಲಿಲ್ವಲ್ಲ. ಇವತ್ತು ಮಾತಾಡಿದ್ದೆಲ್ಲ ಬಿದ್ದೋಯ್ತು.”

ಆಹ್ವಾನ ಪತ್ರಿಕೆಯ ಸಿಟ್ಟಿಗೆ ಶೌಚಾಲಯ ಹೋಗುತ್ತದೆಯೇ? ಗೌಡರು ನನ್ನನ್ನು ಕೂರಿಸಿಕೊಂಡು ಸಮಾಧಾನವಾಗಿ ವಿವರಿಸಿದರು. “ಹನ್ನೊಂದ್ರಲ್ಲಿ ಎಂಟು ಮನೆ ತೋಟದೋರು, ಮೂರು ಮನೆ ಏನೂ ಇಲ್ದೋರು. ಕೈ ಎತ್ತಿಸಿ ಎಣಿಸಿದ್ರೆ ಯಾವಾಗ್ಲೂ ನಾವೇ ಗೆಲ್ತೀವಿ. ಆ ಮೂರು ಮನೆಯೋರು ಸಭೆಗೆ ಯಾಕೆ ಬರ್ಬೇಕು ಹೇಳಿ? ಅದಕ್ಕೇ ನಮ್ಮಪ್ಪನ ಕಾಲದಲ್ಲೇ ಮಾತು ಕೊಟ್ಕೊಂಡವ್ರೆ. ಎಲ್ರೂ ಎಲೆ ಎತ್ತಿದ್ರೇನೇ ತೀರ್ಮಾನ. ಕಡೇ ಎಲೆ ಅಧ್ಯಕ್ಷಂದು. ಒಂದ್ಸಲ ಮುರಿದ್ರೆ ಎಂಟು ದಿನ ಸಭೆ ಇಲ್ಲ.”

ಅವರ ಮಾತಿನಲ್ಲಿ ನ್ಯಾಯವಿತ್ತು. ಅದೇ ನನ್ನನ್ನು ಇನ್ನಷ್ಟು ಕಂಗೆಡಿಸಿತು. ಕೆಟ್ಟ ಪದ್ಧತಿಯಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಶೌಚಾಲಯ ಆಗಲು ಎರಡು ವರ್ಷ ಬೇಕಾಯಿತು.

ಬಿ.ಎ.ಯ ಯೂರೋಪ್ ಪಠ್ಯದಲ್ಲಿ ಪೋಲೆಂಡಿಗೆ ಇದ್ದದ್ದು ಅರ್ಧ ಪುಟ. ನಾನು ಅದನ್ನು ಒಂದು ವಾರಕ್ಕೆ ಎಳೆಯುತ್ತಿದ್ದೆ. ಲಿಥುವೇನಿಯಾವನ್ನೂ ಸೇರಿಸಿಕೊಂಡು ಬಾಲ್ಟಿಕ್ ಸಮುದ್ರದಿಂದ ಹೆಚ್ಚುಕಡಿಮೆ ಕಪ್ಪು ಸಮುದ್ರದವರೆಗೆ ಹಬ್ಬಿದ್ದ ರಾಜ್ಯ ಅದು. ಅಲ್ಲಿನ ಧಾನ್ಯ ಹಡಗು ಹತ್ತಿ ಪಶ್ಚಿಮಕ್ಕೆ ಹೋಗುತ್ತಿತ್ತು. ತುರ್ಕರು ವಿಯೆನ್ನಾ ನಗರವನ್ನು ಮುತ್ತಿದಾಗ ಬಿಡಿಸಲು ಓಡಿ ಬಂದವರಲ್ಲಿ ಪೋಲೆಂಡಿನ ರಾಜ ಮತ್ತು ಅವನ ಕುದುರೆ ಸವಾರರೇ ಮುಂದು. ಅಂಥ ರಾಜ್ಯ ಆಮೇಲೆ ನೂರು ಚಿಲ್ಲರೆ ವರ್ಷದಲ್ಲಿ ಭೂಪಟದಿಂದಲೇ ಅಳಿಸಿಹೋಯಿತು.

ಅಲ್ಲಿನ ಜಮೀನ್ದಾರರು ಯಾರಿಗೂ ತಲೆಬಾಗದವರು. ರಾಜನನ್ನೂ ತಾವೇ ಆರಿಸುತ್ತಿದ್ದರು. ಅವರ ಸಭೆಯಲ್ಲಿ ಒಬ್ಬನೇ ಒಬ್ಬ ಸದಸ್ಯ ಎದ್ದು ನಾನು ಒಪ್ಪುವುದಿಲ್ಲ ಎಂದರೆ ಸಾಕು, ಆ ಒಂದು ವಿಷಯ ಮಾತ್ರವಲ್ಲ, ಆ ಅಧಿವೇಶನದಲ್ಲಿ ಆದ ತೀರ್ಮಾನಗಳೆಲ್ಲ ಬೀಳುತ್ತಿದ್ದವು. ಮೊದಲ ಸಲ ಹಾಗೆ ಮಾಡಿದವನು ಬೇಡ ಎಂದು ಹೇಳಿ ಊರು ಬಿಟ್ಟೇ ಹೊರಟುಹೋದನಂತೆ. ಇದು ನಮ್ಮ ಸ್ವಾತಂತ್ರ್ಯ ಎಂದು ಅವರಿಗೆ ಬಹಳ ಹೆಮ್ಮೆ. ತೆರಿಗೆ ಹಾಕಲು ಹೋದರೆ ಒಬ್ಬ ಬೇಡ ಎನ್ನುವನು, ಸೈನ್ಯ ಕಟ್ಟಲು ಹೋದರೆ ಇನ್ನೊಬ್ಬ ಬೇಡ ಎನ್ನುವನು. ಹೊಲ ಉಳುವ ಊಳಿಗದವರಿಗಂತೂ ಬಾಯೇ ಇರಲಿಲ್ಲ. ಇಡೀ ಸೈನ್ಯವನ್ನು ಸೋಲಿಸುವುದಕ್ಕಿಂತ ಸಭೆಯಲ್ಲಿ ಒಬ್ಬನನ್ನು ಕೊಳ್ಳುವುದು ಸುಲಭ ಎಂದು ನೆರೆಯ ರಾಜರಿಗೆ ತಿಳಿದುಹೋಯಿತು. ಯುದ್ಧಗಳೂ ಸುಸ್ತು ಮಾಡಿದವು, ಅದು ಬೇರೆ ಮಾತು. ಕೊನೆಗೆ ಎಚ್ಚೆತ್ತು ಆ ಪದ್ಧತಿಯನ್ನು ತೆಗೆದುಹಾಕಿದರು. ಹೇಗೆಂದರೆ, ಬೇಡ ಎನ್ನುವವರಲ್ಲಿ ಬಹಳ ಮಂದಿ ಈಸ್ಟರ್ ಹಬ್ಬಕ್ಕೆ ಊರಿಗೆ ಹೋಗಿದ್ದಾಗ, ಅವರು ಮರಳುವ ಮುಂಚೆ ಸಭೆ ಸೇರಿ ಮುಗಿಸಿಬಿಟ್ಟರು. ಆದರೆ ಹೊತ್ತು ಮೀರಿತ್ತು. ಸುತ್ತಲಿನ ಮೂವರು ದೊರೆಗಳು ಇದ್ದಬದ್ದದ್ದನ್ನು ಹಂಚಿಕೊಂಡರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಪಾಠ ಮುಗಿದಾಗ ಮುಂದಿನ ಬೆಂಚಿನ ಭಾಗ್ಯ ಎದ್ದು ನಿಂತಳು. ರಂಗೇಗೌಡರ ಮೊಮ್ಮಗಳು. ಮೊದಲ ವರ್ಷದ ಬಿ.ಎ., ಚುರುಕು ಹುಡುಗಿ, ಮುಂದೆ ಟೀಚರ್ ಆಗಬೇಕೆಂದು ಹಟ ಹಿಡಿದಿದ್ದಳು.

“ಮೇಡಂ, ಇದು ನಮ್ ತಾತನ ಎಲೆ ತಟ್ಟೆ ಥರನೇ ಐತಲ್ಲ,” ಎಂದಳು.

ತರಗತಿಯಲ್ಲಿ ಗುಸುಗುಸು ಎದ್ದಿತು. ಸಭೆಯಲ್ಲಿ ಕೂತು ಕೂತು ನನಗೂ ಹಾಗೆ ಅನ್ನಿಸಿತ್ತು, ನಿಜ. ಆದರೆ ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಗೌಡರಿಂದ ಕರೆ ಬಂತು. ಕೆಲಸ ಹೋಯಿತು ಎಂದುಕೊಂಡೇ ಹೋದೆ.

“ಮೊಮ್ಮಗಳು ಏನೋ ಹೇಳುದ್ಲು. ಆ ಪಾಠನ ನಮ್ಗೂ ಒಂದ್ಸಲ ಹೇಳ್ಬುಡಿ ಮೇಡಂ,” ಎಂದರು ಗೌಡರು.

ಹೀಗೆ ಹನ್ನೊಂದು ಜನ ಟ್ರಸ್ಟಿಗಳು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ನಾನು ಭೂಪಟ ತೂಗುಹಾಕಿ ಪೋಲೆಂಡಿನ ಕಥೆ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ಈಗ ಇವರಿಗೆ ನಾಚಿಕೆಯಾಗುತ್ತದೆ, ಪದ್ಧತಿ ಬದಲಾಗುತ್ತದೆ ಎಂದು ಆಸೆಪಟ್ಟಿದ್ದೆ. ಪಾಠ ಮುಗಿದಾಗ ಒಬ್ಬ ಹಿರಿಯರು ಕಣ್ಣೊರೆಸಿಕೊಂಡು, “ಒಬ್ಬನ ಮಾತಿಗೂ ಅಷ್ಟು ಬೆಲೆ ಕೊಟ್ರಲ್ಲ. ದೊಡ್ಡ ಜನ ಕಣಮ್ಮ ಅವ್ರು,” ಎಂದರು.

ಇನ್ನೊಬ್ಬರು, “ರಾಜ್ಯ ಹೋದ್ರೆ ಹೋಗ್ಲಿ, ಮಾತು ಉಳಿಸ್ಕೊಂಡ್ರಲ್ಲ,” ಎಂದರು.

ಇಷ್ಟು ವರ್ಷ ನಾನು ಹೇಳಿದ ಕಥೆಯಲ್ಲಿ ಮೂರ್ಖರಾಗಿದ್ದವರು ಇವರ ಕಣ್ಣಿಗೆ ಹರಿಶ್ಚಂದ್ರರಾಗಿ ಕಂಡಿದ್ದರು. ಎಲ್ಲರಿಗಿಂತ ಕಿರಿಯ ಶಿವಣ್ಣ ಮಾತ್ರ ಬೇರೆ ಥರ ಕೇಳಿಸಿಕೊಂಡಿದ್ದ. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಶಿವಣ್ಣನೇ ಟ್ರಸ್ಟಿನ ಕಾರ್ಯದರ್ಶಿ. “ಆ ಹಬ್ಬದ ವಿಷ್ಯ ಇನ್ನೊಂದ್ಸಲ ಹೇಳಿ ಮೇಡಂ,” ಎಂದು ಕೇಳಿ, ಹೇಳಿದ್ದನ್ನು ಗಮನವಿಟ್ಟು ಕೇಳಿ ತಲೆಯಾಡಿಸಿದ.

ಗೌಡರು ಕೊನೆಗೆ ಬಾಯಿ ಬಿಟ್ಟರು. “ಕಾಸು ಈಸ್ಕೊಂಡು ಬೇಡ ಅಂದೋನೂ, ಮನಸಾರೆ ಬೇಡ ಅಂದೋನೂ ಅವ್ರಲ್ಲಿ ಒಂದೇನಾ?”

“ಸಭೆಯ ಲೆಕ್ಕಕ್ಕೆ ಒಂದೇ,” ಎಂದೆ.

“ಹಂಗಾದ್ರೆ ಕಷ್ಟ,” ಎಂದು ಎಲ್ಲರಿಗೂ ಕಾಫಿ ತರಿಸಿದರು.

ಅದೇ ವರ್ಷ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದವರು ಕೊಬ್ಬರಿ ಗೋದಾಮನ್ನು ನೋಡಿ ಮೂಗು ಮುರಿದರು. ಸ್ವಂತ ಜಾಗದಲ್ಲಿ ಕಟ್ಟಡ ಕಟ್ಟುವುದಾಗಿ ಬರೆದುಕೊಡಿ, ಇಲ್ಲವಾದರೆ ಮಾನ್ಯತೆ ಮುಂದುವರಿಯುವುದಿಲ್ಲ ಎಂದರು. ಜಾಗಕ್ಕೇನೂ ಕೊರತೆ ಇರಲಿಲ್ಲ. ರಸ್ತೆ ಪಕ್ಕದಲ್ಲಿ ಟ್ರಸ್ಟಿನ ಹೊಲ ಬಿದ್ದಿತ್ತು. ಅದನ್ನು ಕಾಲೇಜಿನ ಹೆಸರಿಗೆ ಮಾಡುತ್ತೇವೆ ಎಂದು ಸಭೆಯಲ್ಲಿ ತೀರ್ಮಾನಿಸಿ, ಆ ಕಾಗದವನ್ನು ಗಡುವಿನ ಒಳಗೆ ವಿಶ್ವವಿದ್ಯಾಲಯಕ್ಕೆ ತಲುಪಿಸಿದರೆ ಮುಗಿಯಿತು. ಹತ್ತು ಜನ ಎಲೆ ಎತ್ತಿದರು. ಕೆಂಪಯ್ಯ ಎತ್ತಲಿಲ್ಲ. ಎಂಟು ದಿನ ಬಿಟ್ಟು ಇನ್ನೊಂದು ಸಭೆ. ಆಗಲೂ ಕೆಂಪಯ್ಯ ತಟ್ಟೆಯನ್ನು ಮುಟ್ಟದೆ ಸರಿಸಿದ.

ಕೆಂಪಯ್ಯ ಏನೂ ಇಲ್ಲದ ಮೂರು ಮನೆಗಳಲ್ಲಿ ಒಂದರವನು. ಬಾಯಿಸತ್ತ ಮನುಷ್ಯ. ಯಾಕೆ ಹೀಗೆ ಮಾಡುತ್ತಾನೆ ಎಂದು ಊರಿಗೆಲ್ಲ ಗೊತ್ತಿತ್ತು. ತುಮಕೂರಿನಲ್ಲಿ ಹೊಸದಾಗಿ ಎದ್ದ ಖಾಸಗಿ ಕಾಲೇಜೊಂದು ಆಗಲೇ ನಮ್ಮ ಹಳ್ಳಿಗಳಿಗೆ ಹಳದಿ ವ್ಯಾನ್ ಕಳಿಸಿ ಮಕ್ಕಳನ್ನು ಎಳೆಯುತ್ತಿತ್ತು. ನಮ್ಮ ಕಾಲೇಜು ಮುಚ್ಚಿದರೆ ಅವರಿಗೆ ಹಬ್ಬ. ಅವರು ಕೆಂಪಯ್ಯನ ಮಗನಿಗೆ ಕೆಲಸ ಕೊಟ್ಟಿದ್ದರು. ನಾನು ಸಿಟ್ಟು ತಡೆಯದೆ ದಾರಿಯಲ್ಲಿ ಅವನನ್ನು ನಿಲ್ಲಿಸಿ, ಇಷ್ಟು ಹೆಣ್ಣುಮಕ್ಕಳ ಬಾಳಿಗೆ ಕಲ್ಲು ಹಾಕುತ್ತಿದ್ದೀಯಲ್ಲ ಎಂದು ಬೈದೆ.

ಕೆಂಪಯ್ಯ ತಲೆ ತಗ್ಗಿಸಿಕೊಂಡು, “ನನ್ ಮಗ ಆ ವ್ಯಾನ್ ಓಡುಸ್ತಾವ್ನೆ ತಾಯಿ. ಬಿ.ಎ. ಮುಗ್ಸಿ ಎಷ್ಟೋ ವರ್ಷ ಸುಮ್ನೆ ಕೂತಿದ್ದ. ನಿಮ್ ಕ್ಲಾಸ್ನಾಗೇ ಓದಿದ್ದು,” ಎಂದ.

ನನಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಆ ಹುಡುಗನ ಮುಖ ನೆನಪಾಯಿತು. ಚೆನ್ನಾಗಿ ಓದುತ್ತಿದ್ದವನು. ನಮ್ಮ ಕಾಲೇಜು ಅವನಿಗೆ ಕೊಟ್ಟದ್ದು ಪೋಲೆಂಡಿನ ಕಥೆ, ಆ ಕಾಲೇಜು ಕೊಟ್ಟದ್ದು ಕೆಲಸ. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು ಬಸ್ಸು ಹತ್ತಿದೆ.

ಗಡುವು ಮುಗಿಯುವ ಹಿಂದಿನ ದಿನಕ್ಕೆ ಶಿವಣ್ಣ ಕಡೆಯ ಸಭೆ ಇಟ್ಟ. ಅದು ತಿಳಿದ ಮೇಲೆ ಕೆಂಪಯ್ಯ ಅವನಿಗೆ, ಅವತ್ತು ಮೊಮ್ಮಗನ ಮುಡಿ ಕೊಡಲು ದೇವರಾಯನದುರ್ಗಕ್ಕೆ ಹೋಗುತ್ತೇನೆ, ಊರಲ್ಲಿರುವುದಿಲ್ಲ ಎಂದು ಹೇಳಿದ್ದ. ಶಿವಣ್ಣ ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ನೀವು ಹೇಳ್ಕೊಟ್ಟಿದ್ದೇ ಮೇಡಂ. ಹಬ್ಬಕ್ಕೆ ಹೋದೋರು ಬರೋ ಮುಂಚೆ ಮುಗಿಸ್ಬುಡೋದು. ಬಂದಿರೋರೆಲ್ಲ ಎಲೆ ಎತ್ತಿದ್ರೆ ಆಯ್ತು,” ಎಂದ. ಎಷ್ಟೋ ದೂರದ ದೇಶದಲ್ಲಿ, ಯಾವ ಕಾಲದಲ್ಲೋ ಮಾಡಿದ ಉಪಾಯ ಗುಬ್ಬಿಯ ಹಾರ್ಡ್‌ವೇರ್ ಅಂಗಡಿಯವನ ಕೈಗೆ ಬಂದು ಕೂತದ್ದು ಕಂಡು ನಾನು ತತ್ತರಿಸಿದೆ. ಆದರೂ ಬೇಡ ಎನ್ನಲು ನನ್ನ ಬಾಯಿ ಏಳಲಿಲ್ಲ. ಕಾಲೇಜು ಉಳಿಯಲಿ ಎಂದು ಮನಸ್ಸು ಕೂಗುತ್ತಿತ್ತು.

ಸಭೆಯ ದಿನ ಹೆಣ್ಣುಮಕ್ಕಳೆಲ್ಲ ಮನೆಗೆ ಹೋಗದೆ ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದರು. ಭಾಗ್ಯ ಎಲ್ಲರಿಗಿಂತ ಮುಂದೆ ನಿಂತಿದ್ದಳು. ರಂಗೇಗೌಡರು ಒಳಗೆ ಬಂದು ಕೂತು, ಖಾಲಿ ಕುರ್ಚಿಯನ್ನು ನೋಡಿದರು.

“ಕೆಂಪಯ್ಯ ಎಲ್ಲೋ?”

“ಮುಡಿ ಕೊಡಕ್ಕೆ ದುರ್ಗಕ್ಕೆ ಹೋಗವ್ನೆ ಗೌಡ್ರೇ,” ಎಂದ ಶಿವಣ್ಣ.

“ನಿಂಗೆ ಮೊದ್ಲೇ ಗೊತ್ತಿತ್ತೇನ್ಲಾ?”

“ಗೊತ್ತಿತ್ತು.”

ಗೌಡರು ಮತ್ತೇನೂ ಕೇಳಲಿಲ್ಲ. ಮಾತುಕತೆ ಬೇಗ ಮುಗಿಯಿತು. ತಟ್ಟೆ ಹೊರಟಿತು. ಒಬ್ಬೊಬ್ಬರಾಗಿ ಎಲೆ ಎತ್ತಿದರು. ಪೋಲೆಂಡಿನವರನ್ನು ಹೊಗಳಿದ್ದ ಹಿರಿಯರೂ ಯಾರ ಮುಖವನ್ನೂ ನೋಡದೆ ಎತ್ತಿದರು. ತಟ್ಟೆ ಗೌಡರ ಮುಂದೆ ಬಂದು ನಿಂತಿತು. ಅವರು ಅದನ್ನೇ ನೋಡುತ್ತ ಕೂತರು. ಹೊರಗೆ ಹುಡುಗಿಯರ ಮಾತು ಕೇಳಿಸುತ್ತಿತ್ತು. ಎಷ್ಟು ಹೊತ್ತಾದರೂ ಅವರು ಅಲುಗಲಿಲ್ಲ. ಆಮೇಲೆ ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

“ಬೇಡ ಅನ್ನಕ್ಕಾದ್ರೂ ಅವ್ನು ಇಲ್ಲಿರ್ಬೇಕಿತ್ತು,” ಎಂದರು.

ಶಿವಣ್ಣ ಕುರ್ಚಿ ಒದ್ದು ಎದ್ದ. “ಗೌಡ್ರೇ, ನಿಮ್ ಮೊಮ್ಮಗಳೂ ಇಲ್ಲೇ ಓದ್ತಾವ್ಳೆ. ನೆಪ್ಪೈತಾ?”

“ಐತೆ,” ಎಂದು ಗೌಡರು ಹೊರಗೆ ನಡೆದರು. ಮರದ ಕೆಳಗಿದ್ದ ಭಾಗ್ಯ ಅವರ ಮುಖ ನೋಡಿಯೇ ತಿಳಿದುಕೊಂಡಳು. ಕಾಲೇಜು ಕಟ್ಟಿದ ಕೈಯೇ ಅದನ್ನು ಕೆಡವುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅದಕ್ಕಿಂತ ದೊಡ್ಡ ಆಘಾತ ಮರುದಿನ ಕಾದಿತ್ತು. ಕೆಂಪಯ್ಯ ಬೆಳಿಗ್ಗೆಯೇ ಕಾಲೇಜಿಗೆ ಓಡಿಬಂದ. ಮೊಮ್ಮಗನ ಜೊತೆ ತಾನೂ ಮುಡಿ ಕೊಟ್ಟಿದ್ದ, ಬೋಳು ತಲೆಗೆ ಹಚ್ಚಿದ ಗಂಧ ಇನ್ನೂ ಹಾಗೇ ಇತ್ತು. “ಗೌಡ್ರು ಎಲೆ ಎತ್ಲಿಲ್ವಂತೆ, ಹೌದಾ ತಾಯಿ?” ಎಂದ. ಹೌದು ಎಂದೆ. ಅವನು ನೆಲದ ಮೇಲೆ ಕುಕ್ಕರಿಸಿದ.

“ಯಾಕಂಗೆ ಮಾಡುದ್ರು? ಅವತ್ತೇ ಸಭೆ ಅಂತ ಗೊತ್ತಾಗೇ ನಾನು ಮುಡಿ ಇಟ್ಕೊಂಡಿದ್ದು. ನಾನಿಲ್ದಾಗ ನೀವೇ ಮುಗಿಸ್ಕೊಂಡಿದ್ರೆ ಮಗನ ಕೆಲ್ಸನೂ ಉಳೀತಿತ್ತು, ಕಾಲೇಜೂ ಉಳೀತಿತ್ತು. ಎದುರ್ಗೆ ಕೂತ್ಕೊಂಡು ಎಲೆ ಎತ್ತಕ್ಕೆ ನಂಗೆ ಆಯ್ತಿರ್ಲಿಲ್ಲ ತಾಯಿ.”

ನನಗೆ ಸಿಟ್ಟು, ಮರುಕ, ಏನೂ ಬರಲಿಲ್ಲ. ಹತ್ತು ಜನ ಕಳ್ಳರ ಹಾಗೆ ಕಣ್ಣು ತಪ್ಪಿಸಿ ಮಾಡಲು ಹೋದ ಕೆಲಸಕ್ಕೆ ಹನ್ನೊಂದನೆಯವನು ತಾನೇ ದಾರಿ ಬಿಟ್ಟುಕೊಟ್ಟು ಹೋಗಿದ್ದ. ಎಲ್ಲರಿಗೂ ಕಾಲೇಜು ಬೇಕಾಗಿತ್ತು. ಆದರೂ ಕಾಲೇಜು ಹೋಯಿತು. ಎಂಟು ದಿನ ಸಭೆ ಸೇರುವಂತಿರಲಿಲ್ಲ, ಗಡುವು ಅವತ್ತೇ ಮುಗಿಯಿತು.

ಮುಂದಿನದನ್ನು ಬೆಳೆಸಿ ಹೇಳುವುದಿಲ್ಲ. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದು ನಿಂತಿತು, ಮುಂದಿನ ವರ್ಷ ಬೀಗ ಬಿತ್ತು. ಹುಡುಗಿಯರಲ್ಲಿ ಕೆಲವರು ಹಳದಿ ವ್ಯಾನ್ ಹತ್ತಿದರು, ಹೆಚ್ಚಿನವರು ಹತ್ತಲಿಲ್ಲ. ಅನುದಾನದ ನೌಕರರಾದ ನಮ್ಮನ್ನು ಬೇರೆ ಬೇರೆ ಕಡೆ ಹಂಚಿ ಹಾಕಿದರು, ನನಗೆ ತುಮಕೂರು ಬಂತು. ಗೌಡರ ಮೇಲೆ ನನಗೆ ವಿಪರೀತ ಸಿಟ್ಟಿತ್ತು. ಆದರೂ ಅದರ ಅಡಿಯಲ್ಲಿ ಒಂದು ಗೌರವ ಉಳಿದಿತ್ತು. ಅವರಿಗೆ ಕೆಂಪಯ್ಯನ ವಿಷಯ ಗೊತ್ತಿರಲಿಲ್ಲ ಪಾಪ, ಇಲ್ಲದವನ ಮಾತನ್ನು ಕಾಪಾಡಿದೆನೆಂದೇ ನಂಬಿ ಎದ್ದು ಹೋದರು ಎಂದುಕೊಂಡಿದ್ದೆ. ಹೊಸ ಕಾಲೇಜಿನಲ್ಲಿ ಪೋಲೆಂಡಿನ ಪಾಠ ಬಂದಾಗ ಹೆಸರು ಹೇಳದೆ ಅವರ ಕಥೆ ಹೇಳುತ್ತಿದ್ದೆ. ತಪ್ಪಾದರೂ ತಾವು ನಂಬಿದ್ದಕ್ಕೆ ನಿಂತ ಜನ ಇದ್ದರು, ರಾಜ್ಯಗಳು ಹಾಗೂ ಬೀಳುತ್ತವೆ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಶಿರಾ ಗೇಟ್ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಟೈರ್ ಅಂಗಡಿಯ ನೆರಳಿನಲ್ಲಿ, ಒಂದು ಕಲ್ಲಿನ ಮೇಲೆ, ಊಟದ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ರಂಗೇಗೌಡರು ಕೂತಿದ್ದರು. ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು, ನಾನೇ ತಡೆದೆ.

“ಭಾಗ್ಯನ ಕಾಲೇಜು ಬುಡೋದನ್ನ ಕಾಯ್ತಾ ಇದೀನಿ ಮೇಡಂ,” ಎಂದರು.

ಆ ವ್ಯಾನನ್ನು ಸತ್ತರೂ ಹತ್ತುವುದಿಲ್ಲ ಎಂದಳಂತೆ ಹುಡುಗಿ. ಮನೆಯಲ್ಲಿ ಒಬ್ಬಳನ್ನೇ ಬಸ್ಸಿನಲ್ಲಿ ಕಳಿಸಲು ಒಪ್ಪಲಿಲ್ಲ. ಅದಕ್ಕೆ ತಾತ ದಿನಾ ಅವಳ ಜೊತೆ ಬಂದು, ಸರ್ಕಾರಿ ಕಾಲೇಜಿಗೆ ಬಿಟ್ಟು, ಅವಳು ಬರುವವರೆಗೆ ಅಲ್ಲಿ ಇಲ್ಲಿ ಕೂತು ಹೊತ್ತು ಕಳೆಯುತ್ತಿದ್ದರು. ಉಳಿದ ಹುಡುಗಿಯರಿಗೆ ಅಂಥ ತಾತಂದಿರು ಇರಲಿಲ್ಲ. ಅದನ್ನು ಅವರೇ ಹೇಳಿದರು.

ನನಗೆ ತಡೆಯಲಾಗಲಿಲ್ಲ. “ಗೌಡ್ರೇ, ಕೆಂಪಯ್ಯ ಅವತ್ತು ಬೇಕಂತಲೇ ಊರು ಬಿಟ್ಟಿದ್ದು. ನಿಮಗೆ ಆಮೇಲಾದ್ರೂ ಗೊತ್ತಾಯ್ತಾ?” ಎಂದೆ.

“ಅವತ್ತೇ ಗೊತ್ತಿತ್ತು,” ಎಂದರು. “ಖಾಲಿ ಕುರ್ಚಿ ನೋಡ್ದೇಟ್ಗೇ ಗೊತ್ತಾಯ್ತು. ಕೆಂಪಯ್ಯ ಹುಟ್ಟಿದಾಗಿಂದ ನೋಡಿವ್ನಿ. ಅವ್ನು ದಾರಿ ಬುಟ್ಟು ಹೋಗವ್ನೆ ಅಂತ ತಿಳಿದೇ ಇರ್ತದಾ?”

ಮುಂದೆ ಹೋಗುತ್ತಿದ್ದ ಲಾರಿಗಳ ಸದ್ದೆಲ್ಲ ನನ್ನ ಕಿವಿಯಲ್ಲಿ ನಿಂತುಹೋಯಿತು.

“ಗೊತ್ತಿದ್ದೂ ಯಾಕೆ ಎಲೆ ಎತ್ತಲಿಲ್ಲ?”

ಪದ್ಧತಿ ಎನ್ನುತ್ತಾರೆ, ಅಪ್ಪ ಕೊಟ್ಟ ಮಾತು ಎನ್ನುತ್ತಾರೆ ಎಂದು ಕಾದೆ. ಹಾಗೆ ಏನಾದರೂ ಹೇಳಲಿ ಎಂದು ಬೇಡಿಕೊಂಡೆ ಎಂದರೂ ಸರಿಯೇ.

“ಎತ್ಬೇಕಿತ್ತು ಮೇಡಂ. ಎತ್ಬೇಕು ಅಂತ್ಲೇ ಕೂತಿದ್ದೆ,” ಎಂದರು. “ಕೈ ಹೋಗ್ಲಿಲ್ಲ.”

ಅಷ್ಟರಲ್ಲಿ ಭಾಗ್ಯ ರಸ್ತೆ ದಾಟಿ ಬಂದಳು. ಗೌಡರು ಬ್ಯಾಗ್ ಎತ್ತಿಕೊಂಡು ಅವಳ ಹಿಂದೆ ಗುಬ್ಬಿ ಬಸ್ಸಿನ ಕಡೆ ನಡೆದರು.